ಬೆನ್ನೆಲುಬಿಗೆ ಬರುತ್ತಿದ್ದ ಸಂಬಳ

ಮಳೆಗಾಲದ ಒಂದು ಭಾನುವಾರ ಸಾಗರದ ನಮ್ಮ ಮನೆಗೆ ಬೆಂಗಳೂರಿನಿಂದ ಒಬ್ಬ ಹುಡುಗ ಬಂದಿದ್ದ. ಹುಡುಗ ಎಂದರೆ 27 ವರ್ಷ. ಹೈಸ್ಕೂಲಿನಲ್ಲಿದ್ದಾಗ ನನ್ನ ಬೇಸಿಗೆ ಶಿಬಿರಕ್ಕೆ ಬರುತ್ತಿದ್ದವನು. ಈಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಹೊರಗೆ ಜಡಿಮಳೆ. ಛತ್ರಿ ಮಡಚಿಟ್ಟು, ಕಾಲು ಒರೆಸಿಕೊಂಡು ಕೂತವನು ಕಾಫಿ ಬರುವ ಮೊದಲೇ ಹೇಳಿಬಿಟ್ಟ: ‘ಸರ್, ನಾನೂ ನಿಮ್ಮ ಹಾಗೆ ಕೆಲಸ ಬಿಡ್ತಾ ಇದೀನಿ. ಇನ್ನು ಪೂರ್ತಿ ನಾಟಕ.’

ಒಳಗೊಳಗೇ ಹಿಗ್ಗಿದೆ, ಸುಳ್ಳು ಯಾಕೆ ಹೇಳಲಿ. ಶಿಷ್ಯನೊಬ್ಬ ತನ್ನ ಹಾದಿ ಹಿಡಿಯುತ್ತೇನೆಂದರೆ ಯಾವ ಮೇಷ್ಟ್ರಿಗೆ ಬೇಜಾರು? ಬೆನ್ನು ತಟ್ಟುವುದಕ್ಕೆ ಕೈ ಎತ್ತಿದ್ದೆ. ಹಜಾರದ ಆಚೆ ಮೂಲೆಯಲ್ಲಿ ನನ್ನ ಹೆಂಡತಿ ನಾಳೆಯ ತರಗತಿಗೆ ನಲಿಕಲಿ ಕಾರ್ಡುಗಳನ್ನು ಜೋಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು: ‘ಅಲ್ಲ ಮಾರಾಯ, ನಿಮ್ಮನೇಲಿ ಸಂಬಳ ಯಾರಿಗೆ ಬರುತ್ತೆ?’

ಹುಡುಗನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ‘ನನಗೇ ಮೇಡಂ. ಅಪ್ಪಂದು ಖಾಸಗಿ ಕೆಲಸ ಇತ್ತು, ಈಗ ಮನೇಲಿದಾರೆ. ಪಿಂಚಣಿ ಇಲ್ಲ.’

‘ಹಾಗಾದ್ರೆ ಇವರ ಹಾಗೆ ಬಿಡ್ತೀನಿ ಅನ್ನಬೇಡ. ಇವರು ಬಿಟ್ಟಾಗ ನನಗೆ ಬರ್ತಿತ್ತು.’

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಮಗುವಿನ ಪುಸ್ತಕದಲ್ಲಿ ತಪ್ಪಾದ ಲೆಕ್ಕಕ್ಕೆ ಕೆಂಪು ಗೆರೆ ಎಳೆದು ಮುಂದಿನ ಪುಟ ತಿರುಗಿಸುವಂತೆ ಹೇಳಿ, ಕಾರ್ಡು ಜೋಡಿಸುತ್ತ ಕೂತಳು. ತಪ್ಪಾಗಿದ್ದ ಲೆಕ್ಕ ನನ್ನದು.

15 ವರ್ಷದಿಂದ ನಾನು ಕಾಲೇಜುಗಳಲ್ಲಿ, ಎನ್ನೆಸ್ಸೆಸ್ ಶಿಬಿರಗಳಲ್ಲಿ ಒಂದೇ ಭಾಷಣ ಮಾಡಿಕೊಂಡು ಬಂದಿದ್ದೇನೆ. ಸಹಕಾರಿ ಬ್ಯಾಂಕಿನ ಗುಮಾಸ್ತಿಕೆ, ಉಸಿರು ಕಟ್ಟಿಸುವ ಕುರ್ಚಿ, ಒಂದು ದಿನ ರಾಜೀನಾಮೆ, ಆಮೇಲೆ ರಂಗಭೂಮಿ. ಮುಗಿಸುವಾಗ ‘ನನ್ನ ಪತ್ನಿ ಬೆನ್ನೆಲುಬಾಗಿ ನಿಂತರು’ ಎನ್ನುತ್ತೇನೆ. ಚಪ್ಪಾಳೆ ಬೀಳುವುದು ಅಲ್ಲೇ. ಆ ಬೆನ್ನೆಲುಬಿಗೆ ತಿಂಗಳು ತಿಂಗಳು ಸಂಬಳ ಬರುತ್ತಿತ್ತು, ಡಿಎ ಏರುತ್ತಿತ್ತು ಎಂದು ಒಂದು ಸಲವೂ ಹೇಳಿಲ್ಲ. ಭಾಷಣದಲ್ಲಿ ಅವಳಿದ್ದಳು, ಅವಳ ಸಂಬಳ ಇರಲಿಲ್ಲ.

ಇನ್ನೊಂದು ಸುಳ್ಳನ್ನೂ ಇಲ್ಲೇ ತಿದ್ದಿಬಿಡುತ್ತೇನೆ. ಬ್ಯಾಂಕಿನ ಕುರ್ಚಿ ಉಸಿರು ಕಟ್ಟಿಸುತ್ತಿರಲಿಲ್ಲ. ನನಗೆ ಲೆಕ್ಕ ಇಷ್ಟ. ಸಂಜೆ ಕ್ಯಾಶು ತಾಳೆಯಾದಾಗ ಸಿಗುವ ನೆಮ್ಮದಿ, ಮೊದಲ ಪ್ರದರ್ಶನದ ತೆರೆ ಬಿದ್ದ ಮೇಲೆ ಸಿಗುವ ನೆಮ್ಮದಿಗಿಂತ ತೀರಾ ಬೇರೆಯದೇನೂ ಅಲ್ಲ. 1999ರಲ್ಲಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಕಲಿತು, ಮರುವರ್ಷ ತಿರುಗಾಟದಲ್ಲಿ ಊರೂರು ಸುತ್ತಿದವನು ನಾನು. 1985ರಲ್ಲಿ ಶುರುವಾದ ಆ ತಿರುಗಾಟದಲ್ಲಿ ನಟರೇ ಸೆಟ್ ಇಳಿಸಬೇಕು, ಕಟ್ಟಬೇಕು, ಆಡಬೇಕು, ಬಿಚ್ಚಬೇಕು, ಮತ್ತೆ ಏರಿಸಬೇಕು. ಅಷ್ಟಾದರೂ ಹೊತ್ತಿಗೆ ಊಟ ಇತ್ತು, ಕೈಗೆ ಇಷ್ಟು ದುಡ್ಡು ಅಂತ ಇತ್ತು. 2002ರಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಅಡಿಕೆ ಮಂಡಿಯಲ್ಲಿ ರೈಟರಾಗಿದ್ದವರು. ನಮಗೆ ತೋಟ ಇರಲಿಲ್ಲ. ಬ್ಯಾಂಕಿನಲ್ಲಿ ಜಾಗ ಖಾಲಿ ಇತ್ತು, ಸೇರಿದೆ. ಅದರಲ್ಲಿ ದುರಂತವೇನೂ ಇಲ್ಲ.

ಕಷ್ಟ ಇದ್ದದ್ದು ಕ್ಯಾಲೆಂಡರಿನಲ್ಲಿ. ಮಾರ್ಚ್ 27 ವಿಶ್ವ ರಂಗಭೂಮಿ ದಿನ. ಬ್ಯಾಂಕಿನವರಿಗೆ ಆ ವಾರ ವರ್ಷಾಂತ್ಯದ ಲೆಕ್ಕ. ಎಂಟು ವರ್ಷದಲ್ಲಿ ಒಂದು ಸಲವೂ ಆ ದಿನ ನಾನು ರಂಗದ ಮೇಲೆ ಇರಲಿಲ್ಲ. ಉಳಿದ ದಿನ ರಾತ್ರಿ ಎಂಟರಿಂದ ಹನ್ನೊಂದರವರೆಗೆ ತಾಲೀಮು, ಬೆಳಿಗ್ಗೆ ಹತ್ತಕ್ಕೆ ಕೌಂಟರು. ಒಂದು ದಿನ ಹಿರಿಯ ತೋಟಗಾರರೊಬ್ಬರ ಖಾತೆಗೆ 40,000 ಬರೆಯುವಲ್ಲಿ 4,000 ಬರೆದೆ. ಮಾರನೇ ದಿನ ಪಾಸ್‌ಬುಕ್ ಹಿಡಿದುಕೊಂಡು ಬಂದರು. ಅವರು ಕೂಗಾಡಿದ್ದರೆ ನಾನು ಇಷ್ಟು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ನನ್ನ ಕಣ್ಣು ನೋಡಿ, ‘ತಮಾ, ರಾತ್ರಿ ವರಗಿದ್ದಿಲ್ಯಾ?’ ಎಂದರು. ಹವ್ಯಕರ ಮಾತಿನಲ್ಲಿ ವರಗುವುದೆಂದರೆ ಮಲಗುವುದು. ಅವತ್ತೇ ತಾಲೀಮಿನಲ್ಲಿ ಸಂಭಾಷಣೆಯನ್ನೂ ಮರೆತೆ. ಎರಡೂ ಕಡೆ ಅರೆಬರೆ ಆಗುತ್ತಿದ್ದೇನೆ, ಒಂದನ್ನು ಬಿಡಬೇಕು ಅನ್ನಿಸಿದ್ದು ಆಗ.

ಬಿಟ್ಟದ್ದು ಯಾವಾಗ ಎಂದು ಕೇಳಿ. ನನ್ನ ಹೆಂಡತಿಗೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಕೆಲಸ ಆದದ್ದು 2007ರಲ್ಲಿ. ಪ್ರೊಬೇಷನ್ ಅವಧಿ ಮುಗಿದ ಆದೇಶ ಕೈಗೆ ಬಂದದ್ದು 2010ರ ಜನವರಿಯಲ್ಲಿ. ನನ್ನ ರಾಜೀನಾಮೆ ಪತ್ರದ ತಾರೀಕು ಅದೇ ವರ್ಷದ ಏಪ್ರಿಲ್ 5. ನನ್ನ ಧೈರ್ಯದ ವಯಸ್ಸು ಮೂರು ತಿಂಗಳು!

ಅಡಿಕೆ ಮಂಡಿಯವರು ಹೊಸ ವರ್ಷಕ್ಕೆ ಹಂಚುವ ಡೈರಿಯಲ್ಲಿ ನಾವು ಮನೆಯ ಲೆಕ್ಕ ಬರೆಯುತ್ತೇವೆ. ಎಡಕ್ಕೆ ಅವಳದು, ಬಲಕ್ಕೆ ನನ್ನದು. ಎಡಗಡೆ 12 ತಿಂಗಳು 12 ಸಾಲು, ಮೊತ್ತದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಬಲಗಡೆ ನಮ್ಮೂರಿನ ಮಳೆಯ ಹಾಗೆ, ಬಂದರೆ ಬಂತು. ಕಳೆದ ವರ್ಷದ್ದನ್ನು ಬರೆಯುತ್ತೇನೆ. ಏಪ್ರಿಲ್, ಮೇ ಎರಡು ಬೇಸಿಗೆ ಶಿಬಿರ: 52,000. ಜೂನ್ ಇಲ್ಲ. ಜುಲೈ ಇಲ್ಲ. ಆಗಸ್ಟ್‌ನಲ್ಲಿ ಒಂದು ರೇಡಿಯೊ ನಾಟಕ: 3,500. ಸೆಪ್ಟೆಂಬರಿನಲ್ಲಿ ಗಣಪತಿ ಪೆಂಡಾಲಿನ ನಾಟಕ ಸ್ಪರ್ಧೆಗಳಿಗೆ ತೀರ್ಪುಗಾರಿಕೆ: 4,000. ನವೆಂಬರಿನಿಂದ ಜನವರಿವರೆಗೆ ಶಾಲಾ ವಾರ್ಷಿಕೋತ್ಸವಗಳ ಸುಗ್ಗಿ: 88,000. ಆಮೇಲೆ ಹವ್ಯಾಸಿ ತಂಡಕ್ಕೊಂದು ನಾಟಕ ನಿರ್ದೇಶನ: 35,000. ಒಟ್ಟು 1,82,500. ತಿಂಗಳಿಗೆ ಹಂಚಿದರೆ 15 ಸಾವಿರದ ಚಿಲ್ಲರೆ. ಬರಬೇಕಾದ ಬಾಕಿ 41,000 ಬೇರೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಆ ಭಾನುವಾರ ನನ್ನ ಹೆಂಡತಿ ಈ ಪುಟವನ್ನು ಹುಡುಗನ ಮುಂದೆ ತೆರೆದಿಟ್ಟಳು. ಕಾಲೇಜಿನ ಭಾಷಣದಲ್ಲಿ ನಾನು ಎಂದೂ ತೋರಿಸದ ಪುಟ.

ಸಂಬಳದ ಚೀಟಿ ಇಲ್ಲದ ಮನುಷ್ಯ ಬ್ಯಾಂಕಿನ ಕಣ್ಣಿಗೆ ಏನು ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆ ಕಣ್ಣು ನನ್ನದೇ ಆಗಿತ್ತು. ನಾನು ಸಾಲದ ವಿಭಾಗದಲ್ಲಿದ್ದಾಗ ಹಾರ್ಮೋನಿಯಂ ಮೇಷ್ಟ್ರೊಬ್ಬರು ಅರ್ಜಿ ಹಿಡಿದು ಬಂದಿದ್ದರು. ಯಾವುದೋ ನಾಟಕ ಕಂಪನಿಯಲ್ಲಿ ಬಾರಿಸುತ್ತಿದ್ದವರು, ಕಂಪನಿ ಮುಚ್ಚಿತ್ತು. ಮಗಳ ಮದುವೆಗೆ 25,000 ಬೇಕಿತ್ತು. ಸಂಬಳದ ಸರ್ಟಿಫಿಕೇಟ್ ಇಲ್ಲ, ಜಾಮೀನು ಹಾಕಲು ಸಂಬಳದವರು ಇಬ್ಬರು ಸಿಗಲಿಲ್ಲ. ಮ್ಯಾನೇಜರ್ ಒಳಗಿನಿಂದ ಬರುವವರೆಗೆ ಅವರು ಕೌಂಟರಿನ ಗಾಜಿನ ಮೇಲೆ ಬೆರಳಾಡಿಸುತ್ತ, ಸದ್ದಿಲ್ಲದೆ ಏನನ್ನೋ ನುಡಿಸುತ್ತ ನಿಂತಿದ್ದರು. ಅರ್ಜಿಯ ಮೇಲೆ ‘ದಾಖಲೆ ಸಾಲದು’ ಎಂದು ಬರೆದು ವಾಪಸು ಕೊಟ್ಟದ್ದು ನನ್ನ ಕೈ. ನಿಯಮ ಹಾಗಿತ್ತು; ಬೇರೆ ಏನು ಮಾಡಬಹುದಿತ್ತು ಎಂದು ಇವತ್ತಿಗೂ ಹೊಳೆದಿಲ್ಲ.

2016ರ ಮಳೆಗೆ ನಮ್ಮ ಮನೆಯ ಮಾಡು ಕುಸಿಯಿತು. ಪಕಾಸಿ, ರೀಪು, ಹೆಂಚು ಎಲ್ಲ ಹೊಸದಾಗಬೇಕು, ಮೂರು ಲಕ್ಷ. ನಾನೇ ಕೂತೆದ್ದ ಕೌಂಟರಿನ ಈಚೆ ನಿಂತೆ. ಆಚೆ ಇದ್ದ ಹುಡುಗ ಒಳ್ಳೆಯವನು, ನನ್ನ ನಾಟಕ ನೋಡಿದ್ದವನು. ಅರ್ಜಿಯ ‘ಉದ್ಯೋಗ’ ಎಂಬ ಕಡೆ ಸ್ವಲ್ಪ ಹೊತ್ತು ಪೆನ್ನು ಆಡಿಸಿ, ‘ಸರ್, ಇದನ್ನ ಮೇಡಂ ಹೆಸರಲ್ಲೇ ಮಾಡಿಸಿಬಿಡಿ’ ಎಂದ. ನಾಲ್ಕು ದಿನದಲ್ಲಿ ಸಾಲ ಮಂಜೂರಾಯಿತು. ನಾನು ಜಾಮೀನಿಗೂ ಬೇಕಾಗಲಿಲ್ಲ.

ಅವಳ ಕೆಲಸವನ್ನು ನಾನು ಬಂಗಾರದ ಮೊಟ್ಟೆ ಮಾಡಿ ತೋರಿಸುತ್ತಿಲ್ಲ. 2006ರ ಏಪ್ರಿಲ್ 1ರ ನಂತರ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಬಂದದ್ದು ಎನ್‌ಪಿಎಸ್ ಪಿಂಚಣಿ ಯೋಜನೆ. ಅವಳ ಸಂಬಳದಿಂದ ಪ್ರತಿ ತಿಂಗಳು ಅದಕ್ಕೆ ಮುರಿದುಕೊಳ್ಳುತ್ತಾರೆ. ಮುಂದೆ ಎಷ್ಟು ಬರುತ್ತದೆ ಎಂಬುದು ಮಾರುಕಟ್ಟೆಗೆ ಬಿಟ್ಟದ್ದು. ಬೆಳಿಗ್ಗೆ 8.10ರ ಬಸ್ಸು ತಪ್ಪಿದರೆ ಶಾಲೆ ತಲುಪುವುದು ಹತ್ತೂವರೆಗೆ. ಜನಗಣತಿ, ಚುನಾವಣೆ, ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಎಲ್ಲವೂ ಮೇಷ್ಟ್ರ ತಲೆಗೇ. ಅವಳೂ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು. ವಿದ್ವತ್‌ಗೆ ಕಟ್ಟಬೇಕೆಂದುಕೊಂಡ ವರ್ಷ ನಾನು ರಾಜೀನಾಮೆ ಕೊಟ್ಟೆ. ಒಂದು ಮನೆಯಲ್ಲಿ ಇಬ್ಬರೂ ಬಿಡುವ ಹಾಗಿರಲಿಲ್ಲ. ಯಾರು ಬಿಡಬೇಕು ಎಂಬ ಚರ್ಚೆಯೇ ನಡೆಯಲಿಲ್ಲ. ನಾನು ಗಂಡಸು, ನಾನು ಬಿಟ್ಟೆ.

ಸುತ್ತಲಿನ ತಂಡಗಳಲ್ಲಿ ನನಗೆ ಗೊತ್ತಿರುವ ರಂಗಕರ್ಮಿಗಳನ್ನು ಬೆರಳು ಮಡಚಿ ಎಣಿಸಿದೆ. ಕೆಲಸ ಬಿಟ್ಟು ಪೂರ್ಣಾವಧಿ ಬಂದ ಗಂಡಸರು ಹದಿನಾಲ್ಕು ಮಂದಿ. ಅದರಲ್ಲಿ ಹನ್ನೊಂದು ಜನರ ಹೆಂಡತಿಗೆ ಸಂಬಳ ಇದೆ: ಮೇಷ್ಟ್ರು, ನರ್ಸು, ಅಂಚೆ ಕಚೇರಿ. ಉಳಿದವರಿಗೆ ತೋಟ ಇದೆ. ಗಂಡನ ಸಂಬಳದ ಬಲದಲ್ಲಿ ಕೆಲಸ ಬಿಟ್ಟು ನಾಟಕಕ್ಕೆ ಬಂದ ಹೆಂಗಸರು ಇಬ್ಬರು. ಮದುವೆಯಾದ ಮೇಲೆ ತಾಲೀಮಿಗೆ ಬರುವುದನ್ನೇ ನಿಲ್ಲಿಸಿದ ನಟಿಯರನ್ನು ಎಣಿಸಲು ನನ್ನ ಬೆರಳು ಸಾಲವು.

‘ಕಲೆಯನ್ನು ನಂಬಿದವನಿಗೆ ಹಸಿವು ತಪ್ಪಿದ್ದಲ್ಲ’ ಎಂದು ವೇದಿಕೆಯ ಮೇಲೆ ಹೇಳುವವರಿದ್ದಾರೆ. ಕನ್ನಡ ರಂಗಭೂಮಿಯ ಚರಿತ್ರೆ ಹಾಗೆ ಹೇಳುವುದಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂಥ ಕಂಪನಿಗಳಲ್ಲಿ ನಟ ಸಂಬಳಗಾರ. ಹಾರ್ಮೋನಿಯಂನವನು, ಪರದೆ ಎಳೆಯುವವನು, ಅಡುಗೆ ಭಟ್ಟ, ಎಲ್ಲರೂ ಸಂಬಳಗಾರರು. ಒಲೆಯೂ ಕಂಪನಿಯದೇ. ಕಲೆಕ್ಷನ್ ಬೀಳದ ಊರಿನಲ್ಲಿ ಸಂಬಳ ನಿಲ್ಲುತ್ತಿತ್ತು, ಸಾಲ ಏರುತ್ತಿತ್ತು, ಕಂಪನಿಗಳು ಮುಳುಗುತ್ತಿದ್ದವು. ಆ ಕಾಲವನ್ನು ಸ್ವರ್ಗ ಎನ್ನುವಷ್ಟು ಪೆದ್ದ ನಾನಲ್ಲ. ಆದರೆ ನಟನಾಗುವುದೂ ಒಂದು ನೌಕರಿಯೇ ಆಗಿತ್ತು. ಹುಡುಗನಾಗಿ ಆ ಕಂಪನಿಗೆ ಸೇರಿದ ಬಿ.ವಿ. ಕಾರಂತರನ್ನು ಗುಬ್ಬಿ ವೀರಣ್ಣನವರೇ ಕಾಶಿಗೆ ಓದಲು ಕಳಿಸಿದರು. ಅದೇ ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದಾಗ, ತಿಂಗಳ ಸಂಬಳದ ನಟರಿರುವ ಸರ್ಕಾರಿ ರೆಪರ್ಟರಿಯನ್ನೇ ಕಟ್ಟಿದರು. ಕಂಪನಿಯ ಪಂಕ್ತಿಯಲ್ಲಿ ಉಂಡವರಿಗೆ ನಟನ ಊಟದ ಲೆಕ್ಕ ಗೊತ್ತಿತ್ತು ಎಂದು ನಾನು ಅಂದುಕೊಂಡಿದ್ದೇನೆ; ಊಹೆ ಅಷ್ಟೆ.

ಬರಹಗಾರರ ಕಡೆ ನೋಡಿದರೂ ಇದೇ ಚಿತ್ರ. ಮಾಸ್ತಿಯವರು ರಾಜೀನಾಮೆ ಕೊಡುವವರೆಗೆ ಮೈಸೂರು ಸರ್ಕಾರದ ಅಧಿಕಾರಿ. ಅಷ್ಟು ಹೊತ್ತಿಗೆ ಕನ್ನಡದ ಸಣ್ಣಕತೆಗೆ ಅವರು ಅಡಿಪಾಯ ಹಾಕಿಯಾಗಿತ್ತು. 1942ರಲ್ಲಿ ‘ಮೈಸೂರ ಮಲ್ಲಿಗೆ’ ಬಂದ ಮೇಲೂ ಕೆ.ಎಸ್. ನರಸಿಂಹಸ್ವಾಮಿ ಗುಮಾಸ್ತಿಕೆ ಬಿಡಲಿಲ್ಲ. ತೇಜಸ್ವಿ ನೌಕರಿಯ ಗೋಜಿಗೆ ಹೋಗದೆ ಮೂಡಿಗೆರೆ ಸೇರಿದರು. ಅಲ್ಲಿ ಕಾಫಿ ತೋಟ ಮಾಡಿದರು. ಗಿರೀಶ ಕಾರ್ನಾಡರು 1970ರಲ್ಲಿ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಕೆಲಸ ಬಿಟ್ಟರು, ಕೈಯಲ್ಲಿ ಹೋಮಿ ಭಾಭಾ ಫೆಲೋಶಿಪ್ ಇತ್ತು. ಇವರನ್ನು ಸಣ್ಣವರನ್ನಾಗಿ ಮಾಡಲು ಇದನ್ನು ಹೇಳುತ್ತಿಲ್ಲ. ಏನನ್ನೂ ನಂಬಿಕೊಳ್ಳದೆ ಬಿಟ್ಟವರೂ ಇದ್ದಾರೆ. ಗಳಗನಾಥರು ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಮಾರಿದರು. ಆದರೆ ಎಲ್ಲರ ಬದುಕನ್ನೂ ‘ಬಿಟ್ಟರು, ಗೆದ್ದರು’ ಎಂದು ಒಂದೇ ಗೆರೆಯಲ್ಲಿ ಹೇಳುವಾಗ ತೋಟ, ಫೆಲೋಶಿಪ್, ಹೆಂಡತಿಯ ಸಂಬಳ ಮೂರೂ ಗೆರೆಯ ಕೆಳಗೆ ಬಿದ್ದುಹೋಗುತ್ತವೆ. ಕೇಳಿಸಿಕೊಂಡ ಹುಡುಗ ಮಾತ್ರ ಆ ಗೆರೆಯನ್ನೇ ನಂಬಿ ರಾಜೀನಾಮೆ ಬರೆಯುತ್ತಾನೆ.

ಹಾಗಾದರೆ ಬ್ಯಾಂಕಿಗೆ ವಾಪಸು ಹೋಗುತ್ತೀಯಾ ಎಂದರೆ, ಇಲ್ಲ.

ಕೆಲವು ವರ್ಷದ ಹಿಂದೆ ಶರಾವತಿ ಹಿನ್ನೀರಿನ ಆಚೆಯ ಒಂದು ಹೈಸ್ಕೂಲಿಗೆ ನಾಟಕ ಕಲಿಸಲು ಹೋಗುತ್ತಿದ್ದೆ. ಸಿಗಂದೂರಿನ ಸೇತುವೆ ಆಗಿರಲಿಲ್ಲ, ಲಾಂಚಿಗೆ ಬೈಕು ಏರಿಸಿಕೊಂಡು ದಾಟಬೇಕು. ಬರಗಾಲದ ರಾಜ್ಯದ ಒಂದು ಕತೆ ಆಡಿಸುತ್ತಿದ್ದೆ. ರಾಣಿಯ ಪಾತ್ರದ ಹುಡುಗಿ, ಒಂಬತ್ತನೇ ಕ್ಲಾಸು, ಒಂದು ಸಾಲಿನ ಹತ್ತಿರ ಬಂದಾಗಲೆಲ್ಲ ನಿಂತುಬಿಡುತ್ತಿದ್ದಳು. ಮರೆವು ಎಂದುಕೊಂಡು ನಾಲ್ಕು ಸಲ ಹೇಳಿಕೊಟ್ಟೆ. ಐದನೇ ಸಲ ಅವಳು, ‘ಸರ್, ರಾಣಿ ಇಷ್ಟುದ್ದ ಮಾತಾಡಲ್ಲ. ಎರಡು ದಿನದಿಂದ ಉಂಡಿಲ್ಲ ಅಂತ ನೀವೇ ಬರೆದಿದೀರಲ್ಲ’ ಎಂದಳು. ಸರಿಯಾಗಿತ್ತು. ಸೈನಿಕನಾಗಿದ್ದ ಹುಡುಗ ಕೂಡ ಬಂದು ಕೂತ. ಎರಡು ದಿನ ಉಣ್ಣದವರು ಹೇಗೆ ಮಾತಾಡುತ್ತಾರೆ, ಕಣ್ಣು ಎಲ್ಲಿರುತ್ತದೆ, ಕೈ ಏನು ಮಾಡುತ್ತದೆ ಎಂದು ಆ ಮಕ್ಕಳು ಅರ್ಧ ಗಂಟೆ ಮಾತಾಡಿದರು. ಹನ್ನೊಂದು ಪದಗಳ ಸಾಲು ಮೂರಕ್ಕೆ ಇಳಿಯಿತು. ಆಮೇಲೆ ಕೊನೆಯ ಲಾಂಚು ತಪ್ಪಿಸಿಕೊಂಡು, ಅಲ್ಲೇ ಮೇಷ್ಟ್ರೊಬ್ಬರ ಮನೆಯಲ್ಲಿ ಮಲಗಿದೆ. ಆ ಅರ್ಧ ಗಂಟೆ ಮಧ್ಯಾಹ್ನ ಮೂರರಿಂದ ಮೂರೂವರೆ. ಬ್ಯಾಂಕಿನಲ್ಲಿದ್ದಿದ್ದರೆ ಆ ಹೊತ್ತಿಗೆ ನಾನು ಕ್ಯಾಶು ಎಣಿಸುತ್ತಿರುತ್ತಿದ್ದೆ.

ಬೆಂಗಳೂರಿನ ಹುಡುಗನಿಗೆ ನಾವಿಬ್ಬರೂ ಹೇಳಿದ್ದು ಇಷ್ಟು. ಎರಡು ವರ್ಷದ ಮನೆಖರ್ಚು ಡಿಪಾಸಿಟ್ ಇಡು. ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ನಿನ್ನ ಹೆಸರಿನಲ್ಲೇ ಮಾಡಿಸು, ಕಂಪನಿಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಮದುವೆಯಾಗುವುದಿದ್ದರೆ ಹುಡುಗಿಗೆ ನಾಟಕದ ಫೋಟೊ ತೋರಿಸುವ ಮೊದಲು ಡೈರಿಯ ಬಲಗಡೆಯ ಪುಟ ತೋರಿಸು. ಕೊನೆಯದು ನನ್ನ ಹೆಂಡತಿಯ ಮಾತು. ಅವನು ಇನ್ನೂ ಕೆಲಸದಲ್ಲಿದ್ದಾನೆ. ಡಿಪಾಸಿಟ್ ಅರ್ಧಕ್ಕೆ ಬಂದಿದೆಯಂತೆ. ಶನಿವಾರ, ಭಾನುವಾರ ತಾಲೀಮಿಗೆ ಹೋಗುತ್ತಾನೆ. ಎಷ್ಟು ದಿನ ಎರಡು ದೋಣಿಯ ಮೇಲೆ ಕಾಲಿಡುತ್ತಾನೋ, ಅದು ಅವನ ಕಾಲಿನ ಶಕ್ತಿ.

ಇನ್ನು ಆ ಬಾಕಿ 41,000. ಇದು ಯಾರೋ ಒಬ್ಬ ಮೋಸಗಾರ ಇಟ್ಟುಕೊಂಡ ದುಡ್ಡಲ್ಲ. ಎಲ್ಲರೂ ಸಜ್ಜನರೇ. ಫೋನು ಬರುತ್ತದೆ: ‘ಸಾರ್, ನಮ್ಮ ಶಾಲೆಯ ಬೆಳ್ಳಿಹಬ್ಬ, ಮಕ್ಕಳಿಂದ ಒಂದು ನಾಟಕ ಆಗಬೇಕು, ನೀವೇ ಬರಬೇಕು.’ 20 ದಿನದ ಕೆಲಸ. ಶಾಮಿಯಾನದವರಿಗೆ ಅಡ್ವಾನ್ಸ್ ಕೊಟ್ಟಿರುತ್ತಾರೆ, ಸೌಂಡಿನವರ ರೇಟು ಕೇಳಿರುತ್ತಾರೆ, ಅಡುಗೆಯವರ ಜೊತೆ ತಲೆಗೆ ಇಷ್ಟು ಎಂದು ಮಾತಾಗಿರುತ್ತದೆ. ನನ್ನ ಹತ್ತಿರ ದುಡ್ಡಿನ ಮಾತೆತ್ತಲು ಮಾತ್ರ ಸಂಕೋಚ. ‘ನೋಡ್ಕೊಳ್ಳೋಣ ಸಾರ್, ನಿಮ್ಮಂಥವರಿಗೆ ಕೊಡೋದಕ್ಕೆ ನಾವೆಷ್ಟರವರು’ ಎನ್ನುತ್ತಾರೆ. ಕೇಳಲು ನನಗೂ ಅದೇ ಸಂಕೋಚ, ಅರ್ಧ ತಪ್ಪು ನನ್ನದು. ಕಾರ್ಯಕ್ರಮದ ದಿನ ಶಾಲು, ಏಲಕ್ಕಿ ಹಾರ, ಪೇಟ, ಗಾಜಿನ ಪೆಟ್ಟಿಗೆಯ ನೆನಪಿನ ಕಾಣಿಕೆ, ಬಣ್ಣದ ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ಮನೆಗೆ ತಂದು ಬಿಚ್ಚಿದರೆ ಮೇಲೆ ನಾಲ್ಕು ಸೇಬು, ಎರಡು ಮೂಸಂಬಿ; ಕೆಳಗೆಲ್ಲ ಕತ್ತರಿಸಿದ ಕಾಗದ. ದುಡ್ಡು ‘ಮುಂದಿನ ಕಮಿಟಿ ಮೀಟಿಂಗ್ ಆದ ಮೇಲೆ’. ಕಮಿಟಿ ಬದಲಾಗುತ್ತದೆ.

ನಮ್ಮ ಮನೆಯ ಟ್ರಂಕಿನಲ್ಲಿ ಈಗ 43 ಶಾಲುಗಳಿವೆ. ಮಳೆಗಾಲದ ಚಳಿಗೆ ಹೊದೆಯಲು ಬರುವಂಥವು ಎರಡು. ಉಳಿದವು ಮಕ್ಕಳ ನಾಟಕಗಳಲ್ಲಿ ರಾಜರ ಉತ್ತರೀಯ, ಮಂತ್ರಿಯ ನಡುಪಟ್ಟಿ, ಕಾಡಿನ ದೃಶ್ಯದಲ್ಲಿ ಹಾವು ಆಗಿ ದುಡಿಯುತ್ತಿವೆ.

ನಾಟಕ ಕಲಿಸುವವರನ್ನು, ಹಾಡುವವರನ್ನು, ಚಿತ್ರ ಬರೆಯುವವರನ್ನು ಕರೆಯುವ ಶಾಲೆ, ಸಂಘ, ಉತ್ಸವ ಸಮಿತಿಯವರಲ್ಲಿ ನನ್ನದೊಂದು ವಿನಂತಿ. ಮೊದಲ ಫೋನಿನಲ್ಲೇ ಮೊತ್ತ ಹೇಳಿ. ಕಡಿಮೆಯಾದರೂ ಸರಿ, ಹೇಳಿ. ಒಪ್ಪುವುದು ಬಿಡುವುದು ನಮಗಿರಲಿ. ಶಾಮಿಯಾನದವರಿಗೆ ಕೊಡುವ ದಿನವೇ ನಮಗೂ ಕೊಡಿ. ಶಾಲಿಗೆಂದು ತೆಗೆದಿಟ್ಟ ದುಡ್ಡನ್ನೂ ಅದೇ ಕವರಿಗೆ ಹಾಕಿ.